ನೋಂಬಿನ ತಿಂಗಳಲ್ಲಿ ಅಳೆದ ಸರ್ವರ್‌ಗಳು

2016ರ ಬೇಸಿಗೆಯಲ್ಲಿ ನಾನು ಒಮಾನಿನ ರಾಜಧಾನಿ ಮಸ್ಕತ್ತಿನ ಘಾಲಾ ಬಡಾವಣೆಯಲ್ಲಿದ್ದ ಒಂದು ಯಂತ್ರೋಪಕರಣ ಕಂಪನಿಯಲ್ಲಿ ಇನ್‌ಫ್ರಾಸ್ಟ್ರಕ್ಚರ್ ಲೀಡ್ ಆಗಿದ್ದೆ. ಹುದ್ದೆಯ ಹೆಸರು ದೊಡ್ಡದು. ಕೆಲಸ ಮಾತ್ರ ಸರ್ವರ್, ನೆಟ್‌ವರ್ಕ್, ಯುಪಿಎಸ್, ಎಸಿ ಯಾವುದೂ ನಿಲ್ಲದಂತೆ ನೋಡಿಕೊಳ್ಳುವುದು, ನಿಂತರೆ ಬೈಸಿಕೊಳ್ಳುವುದು. ಕಂಪನಿಗೆ ಹನ್ನೊಂದು ಶಾಖೆಗಳಿದ್ದವು. ಸುವೈಕ್‌ನ ತೋಟದವರಿಗೆ ನೀರಿನ ಪಂಪು, ಕಟ್ಟಡದ ಕೆಲಸದವರಿಗೆ ಜನರೇಟರು, ಎಲ್ಲದಕ್ಕೂ ಬಿಡಿಭಾಗ, ದುರಸ್ತಿ. ಎಲ್ಲ ಶಾಖೆಗಳ ಕಂಪ್ಯೂಟರುಗಳೂ ಘಾಲಾದ ಗೋದಾಮಿನ ಮೇಲಿದ್ದ ನಮ್ಮ ಸರ್ವರ್ ಕೋಣೆಗೆ ಜೋತುಬಿದ್ದಿದ್ದವು. ಕೆಳಗೆ ಸುತ್ತಲೂ ಗ್ಯಾರೇಜುಗಳು. ಅವುಗಳ ಧೂಳು ನಮ್ಮ ಎಸಿಯ ಫಿಲ್ಟರಿಗೆ ಬಂದು ಕೂರುತ್ತಿತ್ತು.

ತೈಲದ ಬೆಲೆ ಬಿದ್ದು ಒಂದೂವರೆ ವರ್ಷವಾಗಿತ್ತು. ಹೊಸ ರಸ್ತೆ, ಹೊಸ ಕಟ್ಟಡ ಎಲ್ಲವೂ ಕಾಗದದ ಮೇಲೇ ನಿಂತವು. ಶುಕ್ರವಾರ ಅಲ್ ಹೈಲ್‌ನ ನಮ್ಮ ಬಿಲ್ಡಿಂಗಿನ ಕೆಳಗೆ ಯಾರದ್ದಾದರೂ ಸೋಫಾ, ವಾಷಿಂಗ್ ಮಷೀನು ಮಾರಾಟಕ್ಕೆ ನಿಂತಿರುತ್ತಿತ್ತು. ಅದನ್ನು ನೋಡಿದರೆ ಒಂದು ಮನೆ ಊರಿಗೆ ಹೊರಟಿದೆ ಎಂದು ತಿಳಿಯುತ್ತಿತ್ತು. ಕೆಲಸ ಹೋದರೆ ವೀಸಾ ಹೋಗುತ್ತದೆ, ವೀಸಾ ಹೋದರೆ ಮನೆ, ಮಕ್ಕಳ ಶಾಲೆ ಎಲ್ಲವನ್ನೂ ಕೆಲವೇ ವಾರಗಳಲ್ಲಿ ಮಡಚಿಕೊಂಡು ಹೊರಡಬೇಕು. ಇದು ಕೊಲ್ಲಿಯಲ್ಲಿ ಇದ್ದವರಿಗೆಲ್ಲ ಗೊತ್ತಿರುವ ಮಾತು.

ನಮ್ಮ ಕಂಪನಿಯಲ್ಲೂ ಪ್ರತಿ ವಿಭಾಗ ಜನ ಕಡಿಮೆ ಮಾಡಿ ತೋರಿಸಬೇಕೆಂಬ ಆದೇಶ ಬಂತು. ಐಟಿ ಮ್ಯಾನೇಜರ್ ರಘು ಸರ್ ಮೈಸೂರಿನವರು. ಮಾತು ಮೃದು, ಕೆಲಸ ಕಠಿಣ. ನನ್ನನ್ನು ಕರೆದು, "ನೋಡಿ ಸುನಂದಾ ಅವ್ರೆ, ಒಂದು ಒಳ್ಳೆ ಮಾನಿಟರಿಂಗ್ ಸಾಫ್ಟ್‌ವೇರ್ ಹುಡುಕಿ. ಮೂರು ಕಂಪನಿಯವ್ರು ಟ್ರಯಲ್ ಕೊಡ್ತೀನಿ ಅಂದಿದಾರೆ. ನೀವು ಇವ್ಯಾಲ್ಯುಯೇಟ್ ಮಾಡಿ ರಿಪೋರ್ಟ್ ಬರೆದ್ಬಿಡಿ," ಎಂದರು. ನಾನು ಖುಷಿಯಿಂದ ಒಪ್ಪಿಕೊಂಡೆ. ಅಂಥದ್ದೊಂದು ಸಾಫ್ಟ್‌ವೇರ್ ಬೇಕೆಂದು ಎರಡು ವರ್ಷದಿಂದ ಕೇಳುತ್ತಿದ್ದವಳು ನಾನೇ.

ಯಾಕೆ ಬೇಕಿತ್ತು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕೋಣೆಯಲ್ಲಿ ಕಣ್ಣಿಗೆ ಕಾಣುವ ದೊಡ್ಡ ಸರ್ವರ್‌ಗಳು ಎಂಟು. ಆ ಎಂಟರ ಒಳಗೆ ಸಾಫ್ಟ್‌ವೇರ್ ಮೂಲಕ ಮಾಡಿಕೊಂಡ ವರ್ಚುವಲ್ ಮಷೀನ್‌ಗಳು ಅರವತ್ತನಾಲ್ಕು. ಅವುಗಳನ್ನು ಮುಟ್ಟಲಾಗುವುದಿಲ್ಲ, ಆದರೆ ಪ್ರತಿಯೊಂದೂ ತಾನೊಂದು ಪೂರ್ತಿ ಕಂಪ್ಯೂಟರ್ ಎಂದೇ ತಿಳಿದು ಕೆಲಸ ಮಾಡುತ್ತದೆ. ಸುವೈಕ್‌ನ ಕೌಂಟರಿನಲ್ಲಿ ಬಿಡಿಭಾಗದ ಹೆಸರು ಹುಡುಕಿದರೆ ಉತ್ತರ ಕೊಡುತ್ತಿದ್ದುದು ಇಂಥ ಒಂದು ಮಷೀನ್. ಹೊರಗಿನ ಪೆಟ್ಟಿಗೆ ಆರೋಗ್ಯವಾಗಿದ್ದೂ ಒಳಗಿನ ಮಷೀನ್ ಏದುಸಿರು ಬಿಡಬಹುದು. ಒಳಗೆ ಎಲ್ಲ ಸರಿಯಿದ್ದೂ ಹೊರಗೆ ಎಸಿ ಕೆಟ್ಟು ಪೆಟ್ಟಿಗೆ ಕಾಯಬಹುದು. ಎರಡನ್ನೂ ಒಂದೇ ಪರದೆಯಲ್ಲಿ ತೋರಿಸುವ ಸಾಫ್ಟ್‌ವೇರ್ ಇದ್ದರೆ ಕಾಯಿಲೆ ಎಲ್ಲಿದೆ ಎಂದು ಬೇಗ ತಿಳಿಯುತ್ತದೆ.

ಅಲ್ಲಿಯವರೆಗೆ ನಮಗಿದ್ದ ಮಾನಿಟರಿಂಗ್ ಎಂದರೆ ಇಸ್ಮಾಯಿಲ್. ಬಂಟ್ವಾಳದ ಕಡೆಯ ಬ್ಯಾರಿ, ಐವತ್ತು ದಾಟಿದವರು, ಹತ್ತೊಂಬತ್ತು ವರ್ಷದಿಂದ ಅದೇ ಕೋಣೆಯ ಆಪರೇಟರ್. ದಿನಕ್ಕೆ ಮೂರು ಸಲ ಸುತ್ತು ಹೊಡೆಯುತ್ತಿದ್ದರು. ಉದ್ದನೆಯ ರಿಜಿಸ್ಟರಿನಲ್ಲಿ ಯುಪಿಎಸ್ ಮೇಲಿನ ಹೊರೆ ಎಷ್ಟು ಶೇಕಡಾ, ಕೋಣೆಯ ಉಷ್ಣತೆ ಎಷ್ಟು, ಯಾವ ದೀಪ ಯಾವ ಬಣ್ಣ ಎಂದು ಕನ್ನಡದಲ್ಲಿ ಬರೆಯುತ್ತಿದ್ದರು. ಕೊನೆಗೆ ಪ್ರತಿ ರ‍್ಯಾಕಿನ ಹಿಂದೆ ಅಂಗೈ ಹಿಡಿದು ಗಾಳಿಯ ಬಿಸಿ ನೋಡುತ್ತಿದ್ದರು. ನಾವು ತಮಾಷೆ ಮಾಡುತ್ತಿದ್ದೆವು. "ಇಸ್ಮಾಯಿಲ್ ಭಾಯಿ, ಜ್ವರ ಎಷ್ಟದ?" ಎಂದು ನಾನು ಕೇಳಿದರೆ, "ಇವತ್ತು ಸ್ವಲ್ಪ ಉಂಟು ಮೇಡಂ, ಗುಳಿಗೆ ಬೇಡ," ಎನ್ನುತ್ತಿದ್ದರು. ಆಡಿಟಿಗೆ ಬಂದವರು ಒಮ್ಮೆ ಆ ರಿಜಿಸ್ಟರು ನೋಡಿ, ಈ ಕಾಲದಲ್ಲಿ ಇದೇನು ಎಂದು ನಕ್ಕಿದ್ದರು. ನಾನೂ ನಕ್ಕಿದ್ದೆ. ಅದನ್ನು ಬರೆಯುವುದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಮೂರು ಸಾಫ್ಟ್‌ವೇರ್‌ಗಳಲ್ಲಿ ಎರಡು ಮೊದಲ ಪರಿಶೀಲನೆಯಲ್ಲೇ ಬಿದ್ದವು. ಒಂದಕ್ಕೆ ವರ್ಚುವಲ್ ಮಷೀನ್ ಬಿಟ್ಟರೆ ಯುಪಿಎಸ್, ಎಸಿ ಇತ್ಯಾದಿ ಕಾಣುತ್ತಲೇ ಇರಲಿಲ್ಲ. ಇನ್ನೊಂದು ನಮ್ಮ ಮಾಹಿತಿಯನ್ನೆಲ್ಲ ಹೊರದೇಶದ ತನ್ನ ಸರ್ವರಿಗೆ ಕಳಿಸಬೇಕೆನ್ನುತ್ತಿತ್ತು. ಮೂರನೆಯದು ನಿಜಕ್ಕೂ ಚೆನ್ನಾಗಿತ್ತು. ಅದರಲ್ಲಿ ಬೇಸ್‌ಲೈನ್ ಎಂಬ ಸೌಲಭ್ಯವಿತ್ತು. ನಾಲ್ಕು ವಾರ ನೋಡುತ್ತಾ ನಿಮ್ಮಲ್ಲಿ ಮಾಮೂಲು ಎಂದರೆ ಎಷ್ಟು ಎಂದು ತಾನೇ ಕಲಿಯುತ್ತದೆ. ಆ ಮಾಮೂಲನ್ನು ಮೀರಿದ್ದಕ್ಕೆಲ್ಲ ಎಚ್ಚರಿಕೆ ಕೊಡುತ್ತದೆ. ಯಾವ ಮಷೀನಿಗೆ ಕೆಲಸಕ್ಕಿಂತ ಹೆಚ್ಚು ಮೆಮೊರಿ ಕೊಟ್ಟಿದ್ದೀರಿ, ಯಾವುದನ್ನು ಕುಗ್ಗಿಸಬಹುದು ಎಂದೂ ಪಟ್ಟಿ ಮಾಡುತ್ತದೆ.

ಟ್ರಯಲ್ ಯಾವಾಗ ಶುರು ಮಾಡಬೇಕೆಂದು ನಿರ್ಧರಿಸಿದ್ದು ನಾನು. ಆ ವರ್ಷ ರಂಜಾನ್, ಇಸ್ಮಾಯಿಲ್ ಮಾತಿನಲ್ಲಿ ನೋಂಬು, ಜೂನ್ ತಿಂಗಳಲ್ಲಿ ಬಂದಿತ್ತು. ಆಫೀಸು ಒಂಬತ್ತರಿಂದ ಎರಡರವರೆಗೆ. ಶಾಖೆಗಳೂ ಬೇಗ ಮುಚ್ಚುತ್ತವೆ, ಯಾರೂ ಹೊಸದಾಗಿ ಏನೂ ಕೇಳುವುದಿಲ್ಲ. ಕೊಲ್ಲಿಯ ಐಟಿಯವರೆಲ್ಲ ಅಪ್‌ಗ್ರೇಡ್, ಕೇಬಲ್ ಬದಲಾವಣೆ ಇಂಥ ಕೆಲಸವನ್ನು ಆ ತಿಂಗಳಿಗೆಂದೇ ಎತ್ತಿಡುತ್ತಾರೆ. ನಾನೂ ಅದೇ ರೂಢಿಯಲ್ಲಿ ನೋಂಬಿನ ಮೊದಲ ದಿನವೇ ಟ್ರಯಲ್ ಹಚ್ಚಿದೆ. ನೆಮ್ಮದಿಯಿಂದ ನೋಡಬಹುದು ಎಂದುಕೊಂಡೆ. ಇಡೀ ಕಥೆಯ ತಪ್ಪು ಅಲ್ಲಿದೆ, ಮತ್ತು ಅದು ನನ್ನದು.

ನಾಲ್ಕನೆಯ ವಾರದ ಕೊನೆಗೆ ಸಾಫ್ಟ್‌ವೇರ್ ತನ್ನ ವರದಿ ಕೊಟ್ಟಿತು. ಅರವತ್ತನಾಲ್ಕು ವರ್ಚುವಲ್ ಮಷೀನ್‌ಗಳಲ್ಲಿ ಇಪ್ಪತ್ತೇಳು ಸುಮ್ಮನೆ ಕೂತಿವೆ, ಕುಗ್ಗಿಸಬಹುದು. ಎಂಟು ಸರ್ವರ್‌ಗಳಲ್ಲಿ ಮೂರನ್ನು ಬಂದ್ ಮಾಡಬಹುದು. ಇಡೀ ತಿಂಗಳಲ್ಲಿ ಗಂಭೀರ ಎಚ್ಚರಿಕೆ ಬಂದದ್ದು ನಾಲ್ಕೇ ನಾಲ್ಕು. ಬಣ್ಣಬಣ್ಣದ ಗ್ರಾಫುಗಳನ್ನು ನೋಡಿ ನಾನು ಹಿಗ್ಗಿದೆ. ನಲವತ್ತು ಅಂಶಗಳ ನನ್ನ ಪಟ್ಟಿಯಲ್ಲಿ ಮೂವತ್ತಾರಕ್ಕೆ ಸರಿ ಗುರುತು ಹಾಕಿ, ಹನ್ನೆರಡು ಪುಟದ ವರದಿ ಬರೆದು, ಮೊದಲ ಪುಟದಲ್ಲಿ ಸಹಿ ಮಾಡಿ ರಘು ಸರ್ ಕೈಗೆ ಕೊಟ್ಟೆ. ಈದ್ ರಜೆಗೆ ಆಗ ಮೂರು ದಿನ ಉಳಿದಿತ್ತು.

ಮರುದಿನ ಬೆಳಿಗ್ಗೆ ಅವರು ಮೇಲಿನವರಿಗೆ ಕಳಿಸಿದ ಇಮೇಲಿನ ಪ್ರತಿ ನನಗೂ ಬಂತು. ನನ್ನ ವರದಿಗೆ ಅರ್ಧ ಪುಟದ ಟಿಪ್ಪಣಿ ಅಂಟಿಸಿದ್ದರು. ತಿಂಗಳಿಗೆ ನಾಲ್ಕೇ ಎಚ್ಚರಿಕೆ ಬರುವ ಕೋಣೆಗೆ ಆಪರೇಟರ್ ಅಗತ್ಯವಿಲ್ಲವೆಂದು ಇವ್ಯಾಲ್ಯುಯೇಶನ್‌ನಿಂದ ಸಾಬೀತಾಗಿದೆ, ಆದ್ದರಿಂದ ಆ ಹುದ್ದೆಯನ್ನು ಜುಲೈ ಕೊನೆಗೆ ತೆಗೆಯಬಹುದು ಎಂದು ಬರೆದಿತ್ತು. ಕೆಳಗೆ ಇಸ್ಮಾಯಿಲ್ ಅವರ ಹೆಸರು, ಸಿಬ್ಬಂದಿ ಸಂಖ್ಯೆ.

ನಾನು ಅಂಥ ಮಾತು ಎಲ್ಲೂ ಬರೆದಿರಲಿಲ್ಲ. ಆದರೆ ಟಿಪ್ಪಣಿ ಅಂಟಿಸಿದ್ದ ವರದಿಯ ಮೇಲಿದ್ದುದು ನನ್ನ ಸಹಿ. ಇಸ್ಮಾಯಿಲ್ ಅವರ ಮಗಳು ರುಬೀನಾ ಮಸ್ಕತ್ತಿನ ಭಾರತೀಯ ಶಾಲೆಯಲ್ಲಿ ಆಗಷ್ಟೇ ಹನ್ನೆರಡನೇ ತರಗತಿಗೆ ಬಂದಿದ್ದಳು. ಮಾರ್ಚ್‌ನಲ್ಲಿ ಬೋರ್ಡ್ ಪರೀಕ್ಷೆ. ಅಪ್ಪನ ವೀಸಾ ಜುಲೈಗೆ ರದ್ದಾದರೆ ಅವಳು ನಡುವರ್ಷದಲ್ಲಿ ಪುಸ್ತಕ ಮುಚ್ಚಿ ಊರಿಗೆ ಹೋಗಬೇಕು. ಬೋರ್ಡಿಗೆ ಹೆಸರು ನೋಂದಾಯಿಸಿದ ಮಕ್ಕಳನ್ನು ಬೇರೆ ಶಾಲೆಯವರು ಸುಲಭಕ್ಕೆ ಸೇರಿಸಿಕೊಳ್ಳುವುದಿಲ್ಲ. ವರ್ಷ ಹೋಗುತ್ತಿತ್ತು.

ಸುದ್ದಿ ಇಸ್ಮಾಯಿಲ್ ಅವರಿಗೂ ತಲುಪಿತು. ಮಧ್ಯಾಹ್ನ ನನ್ನ ಮೇಜಿನ ಹತ್ತಿರ ಬಂದರು. ಉಪವಾಸಕ್ಕೆ ತುಟಿ ಒಣಗಿತ್ತು. ಅಳುತ್ತಾರೇನೋ, ಬೇಡುತ್ತಾರೇನೋ ಎಂದು ನಾನು ಹೆದರಿದ್ದೆ. ಅವರು ಎರಡು ರಿಜಿಸ್ಟರು ಮೇಜಿನ ಮೇಲಿಟ್ಟರು, ಅಷ್ಟೆ.

"ಮೇಡಂ, ಒಂದು ಮಾತು ಹೇಳ್ತೇನೆ, ಬೇಸರ ಮಾಡ್ಬೇಡಿ. ನಿಮ್ಮ ಸಾಫ್ಟ್‌ವೇರ್ ನೋಡಿದ್ದು ಪೂರ್ತಿ ನೋಂಬಿನ ತಿಂಗಳಲ್ಲಿ ಅಲ್ವಾ? ಈ ತಿಂಗಳು ನನ್ನನ್ನು ನೋಡಿದ್ರೆ ನಾನೂ ಅರ್ಧ ಆಳಿನ ಹಾಗೆಯೇ ಕಾಣುವುದು."

ನಾನು ರಿಜಿಸ್ಟರು ತೆರೆದೆ. ಅಂಚಿನಲ್ಲಿ ಪೆನ್ಸಿಲಿನಿಂದ ನೋಂಬು ಒಂದು, ನೋಂಬು ಎರಡು ಎಂದು ದಿನದಿನವೂ ಗುರುತು ಮಾಡಿದ್ದರು. ರಂಜಾನ್ ಪ್ರತಿವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ಹಾಗಾಗಿ 2015ರ ಜೂನ್ ಎರಡನೆಯ ವಾರ ಮಾಮೂಲು ದಿನಗಳು, 2016ರ ಅದೇ ವಾರ ನೋಂಬಿನ ದಿನಗಳು. ಅದೇ ತಾರೀಖು, ಅದೇ ಬಿಸಿಲು, ಅದೇ ಕೋಣೆ. ಮಧ್ಯಾಹ್ನ ಹನ್ನೆರಡರ ಸುತ್ತಿನಲ್ಲಿ ಯುಪಿಎಸ್ ಮೇಲಿನ ಹೊರೆ ಕಳೆದ ವರ್ಷ ಶೇಕಡಾ ಅರವತ್ತೆರಡು, ಈ ವರ್ಷ ಮೂವತ್ತೊಂಬತ್ತು. ಅದಕ್ಕೂ ಹಿಂದಿನ ವರ್ಷದ್ದನ್ನು ನೋಡಿದೆ. ನೋಂಬು ಮುಗಿದ ಮೊದಲ ಭಾನುವಾರಕ್ಕೆ ಅಂಕಿ ದಿಢೀರನೆ ಮೇಲಕ್ಕೆ ಹೋಗಿತ್ತು.

ಹದಿನೇಳು ವರ್ಷ ಈ ಕೆಲಸ ಮಾಡಿದವಳು ನಾನು. ಒಂದು ಊರು ಉಪವಾಸ ಕೂತಾಗ ತೂಕ ನೋಡಿ, ಇವರಿಗೆ ಇಷ್ಟೇ ಊಟ ಸಾಕು ಎಂದು ಬರೆದುಕೊಟ್ಟಿದ್ದೆ. ಇಸ್ಮಾಯಿಲ್ ಒಂದೂ ಬಿರುಸು ಮಾತಾಡಲಿಲ್ಲ. ಎರಡು ಗಂಟೆಗೆ ಸುತ್ತು ಮುಗಿಸಿ, ರಿಜಿಸ್ಟರು ನನ್ನಲ್ಲೇ ಬಿಟ್ಟು ಮನೆಗೆ ಹೋದರು.

ಆ ಸಂಜೆ ಮನೆಯಲ್ಲಿ ಯಜಮಾನರಿಗೆ ಎಲ್ಲ ಹೇಳಿದೆ. ಅವರು ಸಿವಿಲ್ ಎಂಜಿನಿಯರು. ಅವರ ಪ್ರಾಜೆಕ್ಟು ಆಗಲೇ ಅರೆಜೀವವಾಗಿತ್ತು.

"ನಾಳೆ ರಘು ಅವರನ್ನ ಎದುರು ಹಾಕ್ಕೊಂಡ್ರ ಮುಂದಿನದು ಗೊತ್ತದ ಅಲ್ಲ? ನಿನ್ನ ಕಾಂಟ್ರ್ಯಾಕ್ಟ್ ಅಕ್ಟೋಬರಿಗೆ ಮುಗಿತದ," ಎಂದರು.

"ಗೊತ್ತದ."

"ಹಂಗಾದ್ರ ಹೋಗು. ಬಾಯಿ ಮುಚ್ಚಿಕೊಂಡು ಬಂದಿ ಅಂದ್ರ ನಾಳೆ ರಾತ್ರಿ ನೀನೂ ಮಲಗಂಗಿಲ್ಲ, ನನ್ನೂ ಮಲಗಿಸಂಗಿಲ್ಲ."

ಮರುದಿನ, ಅಂದರೆ ಈದ್‌ಗೆ ಮೊದಲಿನ ಕೊನೆಯ ಕೆಲಸದ ದಿನ, ನಾನು ರಿಜಿಸ್ಟರು ಹಿಡಿದುಕೊಂಡೇ ರಘು ಸರ್ ಕೋಣೆಗೆ ಹೋದೆ. ಅವರು ಅಂಕಿಗಳನ್ನು ನೋಡಿದರು. ದಡ್ಡರಲ್ಲ, ಒಂದೇ ನಿಮಿಷದಲ್ಲಿ ಅರ್ಥವಾಯಿತು. ಅರ್ಥವಾದ ಮೇಲೆ ರಿಜಿಸ್ಟರನ್ನು ಮುಚ್ಚಿ ನನ್ನ ಕಡೆ ಸರಿಸಿದರು.

"ಸರಿ ಇರಬಹುದು ಸುನಂದಾ. ಆದ್ರೆ ರಿಪೋರ್ಟ್ ಮೇಲಕ್ಕೆ ಹೋಗಿ ಆಯ್ತಲ್ಲ. ಈಗ ತಪ್ಪು ಅಂದ್ರೆ ನಮ್ಮ ಡಿಪಾರ್ಟ್‌ಮೆಂಟ್ ಮರ್ಯಾದೆ ಏನಾಗುತ್ತೆ? ಯಾರೋ ಒಬ್ರು ಹೋಗ್ಲೇಬೇಕು. ಸುಮ್ನಿದ್ಬಿಡಿ."

"ತಪ್ಪು ನಂದದ ಸರ್. ಶಿಕ್ಷಾ ಅವರಿಗೆ ಯಾಕ್ರಿ?"

"ನಿಮ್ಮ ಕಾಂಟ್ರ್ಯಾಕ್ಟೂ ನನ್ನ ಟೇಬಲ್ ಮೇಲೇ ಬರುತ್ತೆ. ಜ್ಞಾಪಕ ಇರಲಿ."

ಅಷ್ಟು ಹೊತ್ತು ನನಗೆ ಇದ್ದದ್ದು ನಾಚಿಕೆ. ಆ ಮಾತು ಕೇಳಿದ್ದೇ ಅದು ಸಿಟ್ಟಾಯಿತು. ಅವರ ಮೇಜಿನ ಮೇಲೇ ಇದ್ದ ನನ್ನ ಮೂಲ ವರದಿಯನ್ನು ಎಳೆದುಕೊಂಡೆ. ಅವರ ಪೆನ್ ಸ್ಟ್ಯಾಂಡಿನಿಂದಲೇ ಕೆಂಪು ಪೆನ್ನು ತೆಗೆದು ನನ್ನ ಸಹಿಯ ಮೇಲೆ ಅಡ್ಡಗೆರೆ ಎಳೆದೆ. ಅದರ ಕೆಳಗೆ ಇಂಗ್ಲಿಷಿನಲ್ಲಿ, ಈ ಅಳತೆ ರಂಜಾನ್ ತಿಂಗಳದ್ದು, ನಿರ್ಧಾರಕ್ಕೆ ಯೋಗ್ಯವಲ್ಲ, ತಪ್ಪು ನನ್ನದು ಎಂದು ಬರೆದು ತಾರೀಖು ಹಾಕಿದೆ.

"ನನ್ನ ಸಹಿ ನಾ ವಾಪಸ್ ತೊಗೊಂಡೀನಿ ಸರ್. ಇನ್ನ ಈ ಕಾಗದಕ್ಕ ನಿಮ್ಮ ಸಹಿ ಹಾಕಿ ಕಳಸ್ರಿ, ನಂದೇನೂ ಅಡ್ಡಿ ಇಲ್ಲ."

ಅವರು ಪೆನ್ನಿಗೆ ಕೈ ಹಾಕಲಿಲ್ಲ. ನಾನು ಆ ಪುಟವನ್ನೂ ರಿಜಿಸ್ಟರುಗಳನ್ನೂ ಎತ್ತಿಕೊಂಡು ಮೇಲಿನ ಮಹಡಿಗೆ ಹೋದೆ. ಅಲ್ಲಿ ಕೂರುತ್ತಿದ್ದವರು ಕಾರ್ಯಾಚರಣೆಯ ಮುಖ್ಯಸ್ಥ ಸಯೀದ್, ಒಮಾನಿ. ಬಿಡಿಭಾಗದ ಕೌಂಟರಿನಲ್ಲಿ ಗುಮಾಸ್ತನಾಗಿ ಸೇರಿ ಆ ಕುರ್ಚಿಗೆ ಬಂದವರು. ಅವರೂ ಉಪವಾಸದಲ್ಲಿದ್ದರು. ಹೇಳಬೇಕಾದ್ದನ್ನು ಐದು ನಿಮಿಷದಲ್ಲಿ ಹೇಳಿದೆ. ಅವರು ಕನ್ನಡ ಅಕ್ಷರಗಳ ಮೇಲೆ ಬೆರಳಾಡಿಸಿ, "ಇದರಲ್ಲಿ ಏನು ಬರೆದಿದೆ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ನೋಂಬಿನ ಎಷ್ಟನೆಯ ದಿನ ಎಂದು ಲೆಕ್ಕವಿದೆ ಎಂದೆ.

"ಕೌಂಟರಿನಲ್ಲಿ ನಿಂತವನಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ," ಎಂದರು. "ರಜೆ ಮುಗಿದ ಮೇಲೆ ಎರಡು ವಾರ ಅದೇ ಸಾಫ್ಟ್‌ವೇರನ್ನು ಮತ್ತೆ ಓಡಿಸಿ. ಏನನ್ನೂ ಬದಲಿಸಬೇಡಿ. ಪುಸ್ತಕ ನಿಜವಾದರೆ ಅವನು ಇರುತ್ತಾನೆ. ಸುಳ್ಳಾದರೆ ಇಬ್ಬರೂ ಹೋಗುತ್ತೀರಿ. ಖಲಾಸ್."

ಮಾರಾಟದ ಬರಗಾಲದಲ್ಲಿದ್ದ ಸಾಫ್ಟ್‌ವೇರ್ ಕಂಪನಿಯವರು ಟ್ರಯಲ್ಲನ್ನು ಎರಡು ವಾರ ಮುಂದುವರಿಸಲು ತಕ್ಷಣ ಒಪ್ಪಿದರು. ಈದ್ ರಜೆಯಿಡೀ ನನಗೆ ಬಿರಿಯಾನಿ ರುಚಿಸಲಿಲ್ಲ. ಇಸ್ಮಾಯಿಲ್ ಅವರ ಮನೆಯಿಂದಲೇ ಬಂದ ಬಿರಿಯಾನಿ ಅದು.

ರಜೆ ಮುಗಿದ ಭಾನುವಾರ ಎಂಟು ಗಂಟೆಗೆ ಹನ್ನೊಂದು ಶಾಖೆಗಳೂ ಒಟ್ಟಿಗೆ ಬಾಗಿಲು ತೆರೆದವು. ಒಂದು ತಿಂಗಳು ಮುಂದೂಡಿದ್ದ ದುರಸ್ತಿಗಳೆಲ್ಲ ಆವತ್ತೇ ಬಂದವು. ಸುವೈಕ್‌ನ ಕೌಂಟರಿನ ಎದುರು ಸುಟ್ಟ ಪಂಪು ಹಿಡಿದವರ ಸಾಲು ಬೀದಿಯವರೆಗೆ ಇದೆ ಎಂದು ಶಾಖೆಯಿಂದ ಫೋನು ಬಂತು. ನಮ್ಮ ಪರದೆ ಕೆಂಪಾಗತೊಡಗಿತು. ನೋಂಬಿನ ತಿಂಗಳನ್ನೇ ಮಾಮೂಲು ಎಂದು ಕಲಿತಿದ್ದ ಸಾಫ್ಟ್‌ವೇರಿಗೆ ಮಾಮೂಲು ದಿನ ಮಹಾ ಅನಾಹುತದಂತೆ ಕಂಡಿತು. ಹನ್ನೊಂದು ಗಂಟೆಯೊಳಗೆ ನಾನೂರ ಹನ್ನೆರಡು ಎಚ್ಚರಿಕೆಗಳು. ಸಯೀದ್ ಕೆಳಗಿಳಿದು ಬಂದು ನನ್ನ ಹಿಂದೆ ನಿಂತರು. ರಘು ಸರ್ ಕೂಡ ಬಂದರು.

"ಇದರಲ್ಲಿ ನಿಜವಾದದ್ದು ಯಾವುದು?" ಎಂದು ಸಯೀದ್ ಕೇಳಿದರು.

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದೇ ಹೇಳಿದೆ. ಇಸ್ಮಾಯಿಲ್ ಆಗ ತಾನೇ ಸುತ್ತು ಮುಗಿಸಿ ಹೊರಗೆ ಬರುತ್ತಿದ್ದರು. ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಾ, "ಎಲ್ಲಾ ಮಾಮೂಲು ಮೇಡಂ, ಈದ್ ಆದ ಮೇಲೆ ಪ್ರತಿ ವರ್ಷ ಹೀಗೆಯೇ. ಆದ್ರೆ ಮೂರನೇ ರ‍್ಯಾಕಿನ ಹಿಂದೆ ಎಸಿಯದ್ದು ಗಾಳಿ ಬಿಸಿ ಉಂಟು. ಇದು ಹೊಸತು. ಒಂದು ಗಂಟೆ ಬಿಟ್ರೆ ಸರ್ವರ್ ಕೂತ್ಕೊಳ್ತದೆ," ಎಂದರು.

ಪರದೆಯಲ್ಲಿ ಹುಡುಕಿದೆವು. ಆ ಎಸಿಯ ಎಚ್ಚರಿಕೆಯೂ ಬಂದಿತ್ತು. ಇನ್ನೂರ ಎಂಬತ್ತಾರನೆಯ ಸಾಲಿನಲ್ಲಿ, ಉಳಿದ ಕೆಂಪುಗಳ ನಡುವೆ ಹೂತುಹೋಗಿತ್ತು. ಫಿಲ್ಟರ್ ಗ್ಯಾರೇಜಿನ ಧೂಳು ಕಟ್ಟಿ ಮುಚ್ಚಿಹೋಗಿತ್ತು. ಇಸ್ಮಾಯಿಲ್ ಇಪ್ಪತ್ತು ನಿಮಿಷದಲ್ಲಿ ಬಿಚ್ಚಿ, ತೊಳೆದು, ಹಾಕಿದರು. ಸಾಫ್ಟ್‌ವೇರ್ ಕುರುಡಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಅದಕ್ಕೆ ನಾನು ತಪ್ಪು ಪಾಠ ಕಲಿಸಿದ್ದೆ, ಅದು ಶ್ರದ್ಧೆಯಿಂದ ಕಲಿತಿತ್ತು.

ಎರಡು ವಾರದ ನಂತರ ಹೊಸ ವರದಿ ಬಂತು. ಕುಗ್ಗಿಸಬಹುದಾದ ಮಷೀನ್‌ಗಳು ಇಪ್ಪತ್ತೇಳರಿಂದ ಐದಕ್ಕೆ ಇಳಿದವು. ಬಂದ್ ಮಾಡಬಹುದಾದ ಸರ್ವರ್ ಒಂದೂ ಇರಲಿಲ್ಲ. ನಾನು ಹೊಸದಾಗಿ ಆರು ಪುಟ ಬರೆದೆ. ಸಾಫ್ಟ್‌ವೇರ್ ಕೊಳ್ಳಿ ಎಂದೇ ಬರೆದೆ, ಏಕೆಂದರೆ ಅದು ಒಳ್ಳೆಯದೇ. ಜೊತೆಗೆ ಒಂದು ಷರತ್ತು ಸೇರಿಸಿದೆ. ಅದರ ಕ್ಯಾಲೆಂಡರಿನಲ್ಲಿ ನೋಂಬಿನ ತಿಂಗಳನ್ನು ಬೇರೆಯಾಗಿ ಗುರುತಿಸಬೇಕು. ರಂಜಾನ್ ಶುರುವಾಗುವುದು ಚಂದ್ರ ಕಂಡ ಮೇಲೆ, ಆ ದಿನವನ್ನು ಮುಂಚಿತವಾಗಿ ತುಂಬಿಡಲು ಬರುವುದಿಲ್ಲ. ಆದ್ದರಿಂದ ಅದನ್ನು ನಿರ್ವಹಿಸಲು, ಎಚ್ಚರಿಕೆಗಳಲ್ಲಿ ನಿಜವಾದದ್ದನ್ನು ಆರಿಸಲು ಈ ಕೋಣೆಯನ್ನು ಬಲ್ಲ ಆಪರೇಟರ್ ಇರಲೇಬೇಕು. ಸಯೀದ್ ಅದಕ್ಕೆ ಸಹಿ ಹಾಕಿದರು. ಇಸ್ಮಾಯಿಲ್ ಅವರ ಹೆಸರು ಕೆಲಸದಿಂದ ತೆಗೆಯುವವರ ಪಟ್ಟಿಯಿಂದ ಹೋಯಿತು.

ಅಕ್ಟೋಬರಿನಲ್ಲಿ ನನ್ನ ಕಾಂಟ್ರ್ಯಾಕ್ಟ್ ನವೀಕರಣವಾಗಲಿಲ್ಲ. ಸಯೀದ್ ಆ ಹೊತ್ತಿಗೆ ಸಲಾಲಾದ ಶಾಖೆಗೆ ವರ್ಗವಾಗಿದ್ದರು. ಪತ್ರದಲ್ಲಿ ಹುದ್ದೆಯನ್ನು ರದ್ದು ಮಾಡಲಾಗಿದೆ ಎಂದಿತ್ತು. ಕೊಡುವಾಗ ರಘು ಸರ್, "ವೈಯಕ್ತಿಕವಾಗಿ ತಗೋಬೇಡಿ," ಎಂದರು. ವೈಯಕ್ತಿಕವಾಗಿಯೇ ತೆಗೆದುಕೊಂಡೆ. ಹಾಗೆಂದು ಅವರ ಮುಖಕ್ಕೇ ಹೇಳಿ, ಕೆಂಪು ಗೆರೆಯ ಆ ಪುಟವನ್ನು ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿದೆ. ನವೆಂಬರಿನಲ್ಲಿ ನಮ್ಮ ಸೋಫಾ ಅಲ್ ಹೈಲ್‌ನ ಬಿಲ್ಡಿಂಗಿನ ಕೆಳಗೆ ನಿಂತಿತು. ಯಜಮಾನರೂ ನಾನೂ ಹುಬ್ಬಳ್ಳಿಗೆ ಬಂದೆವು. ಹೊಸ ಕೆಲಸ ಸಿಗಲು ಏಳು ತಿಂಗಳು ಹಿಡಿಯಿತು. ಅದು ಸುಲಭದ ಏಳು ತಿಂಗಳಾಗಿರಲಿಲ್ಲ. ಸಂದರ್ಶನಗಳಲ್ಲಿ ಹಿಂದಿನ ಕೆಲಸ ಯಾಕೆ ಬಿಟ್ಟಿರಿ ಎಂದು ಕೇಳಿದಾಗ ಆ ಪುಟವನ್ನೇ ಮುಂದಿಡುತ್ತಿದ್ದೆ. ಇಬ್ಬರು ಅದನ್ನು ನೋಡಿ ಮುಖ ಸಿಂಡರಿಸಿದರು. ಮೂರನೆಯವರು ಯಾವತ್ತು ಬರುತ್ತೀರಿ ಎಂದು ಕೇಳಿದರು.

ಈಗ ನಿವೃತ್ತಳಾಗಿದ್ದೇನೆ. ಆ ಬೇಸಿಗೆಯ ನಂತರ ನನ್ನ ಮೇಜಿಗೆ ಯಾವ ಅಂಕಿ ಬಂದರೂ ಎರಡು ಪ್ರಶ್ನೆ ಕೇಳದೆ ಬಿಡಲಿಲ್ಲ. ಇದನ್ನು ಯಾವ ದಿನಗಳಲ್ಲಿ ಅಳೆದಿರಿ? ಆ ದಿನಗಳಲ್ಲಿ ಅಲ್ಲಿ ನಿಂತು ಕೆಲಸ ಮಾಡಿದವರನ್ನು ಕೇಳಿದಿರಾ? ಇದರಿಂದ ನನಗೆ ಹಟಮಾರಿ ಎಂಬ ಹೆಸರೂ ಬಂತು. ಇರಲಿ.

ಕೆಲಸವಿಲ್ಲದೆ ಹುಬ್ಬಳ್ಳಿಯ ಮನೆಯಲ್ಲಿ ಕೂತಿದ್ದ ಆ ಮಾರ್ಚ್‌ನಲ್ಲಿ ಒಂದು ಬೆಳಿಗ್ಗೆ ಫೋನು ಬಂತು. ಇಸ್ಮಾಯಿಲ್. ಹಿಂದೆ ಯುಪಿಎಸ್‌ನ ಪರಿಚಿತ ಗುಂಯ್ ಸದ್ದು ಕೇಳುತ್ತಿತ್ತು.

"ಮೇಡಂ, ರುಬೀನಾ ಈಗ ಪರೀಕ್ಷೆ ಹಾಲಿಗೆ ಹೋದಳು. ಬಿಟ್ಟು ಬಂದೆ. ನಿಮಗೆ ಹೇಳ್ಬೇಕು ಅಂತ ಆಯ್ತು."

"ಚೊಲೋ ಬರಿಲಿ," ಎಂದೆ. ಅವರು, "ಸರಿ ಮೇಡಂ, ಸುತ್ತಿನ ಹೊತ್ತಾಯ್ತು," ಎಂದು ಫೋನಿಟ್ಟರು.